300 ರೂಪಾಯಿಯ ಬಿಟ್ ಡಬ್ಬಿ: ನನ್ನ ಅನುಭವ

ಮುಂಬಯಿಯ ನಾಗದೇವಿ ಬೀದಿಯಲ್ಲಿ ಸಲಕರಣೆ ಅಂಗಡಿಗಳ ಮುಂದೆ ಆ ಪ್ಲಾಸ್ಟಿಕ್ ಡಬ್ಬಿಗಳು ರಾಶಿ ಬಿದ್ದಿರುತ್ತವೆ. ಒಳಗೆ ಮೂವತ್ತು ಚಿಲ್ಲರೆ ಬಿಟ್‌ಗಳು, ಅಂದರೆ ಸ್ಕ್ರೂ ತಿರುಗಿಸುವ ಬಿಡಿ ತುದಿಗಳು, ಜೊತೆಗೆ ಅವನ್ನು ಸಿಕ್ಕಿಸಲು ಒಂದು ಹಿಡಿ. ಚೌಕಾಸಿ ಮಾಡಿದರೆ 300 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ನಮ್ಮ ಕಸುಬಿನವರಲ್ಲಿ ಹಲವರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಮಾಟುಂಗ, ದಾದರ್ ಕಡೆಯ ಉಡುಪಿ ಹೋಟೆಲುಗಳ ಮತ್ತು ಮನೆಗಳ ಯಂತ್ರ ರಿಪೇರಿ ಮಾಡುವ ನನ್ನ ಚೀಲದಲ್ಲಿ ಅಂಥದ್ದೊಂದು ಡಬ್ಬಿ ಸದಾ ಇರುತ್ತದೆ. ಆದರೆ ಅದರಲ್ಲಿ ಅರ್ಧದಷ್ಟು ಬಿಟ್‌ಗಳನ್ನು ನಾನು ಮುಟ್ಟುವುದೇ ಇಲ್ಲ.

ಗ್ರಾಹಕರು ಒಳಗೆ ಕೈಹಾಕಬಾರದು ಎಂದು ಕಂಪನಿಗಳು ಬಗೆಬಗೆಯ ತಲೆಯ ಸ್ಕ್ರೂಗಳನ್ನು ಹಾಕುತ್ತವೆ. ನೀರು ಕಾಯಿಸುವ ಕೆಟಲ್‌ನ ತಳದಲ್ಲಿ, ಹೇರ್ ಡ್ರೈಯರಿನಲ್ಲಿ ಹಲವು ಸಲ ತ್ರಿಕೋನದ ತಲೆ ಸಿಗುತ್ತದೆ. ನಿಂಟೆಂಡೊ ಆಟದ ಯಂತ್ರಗಳಲ್ಲಿ ಮೂರು ರೆಕ್ಕೆಯದು. ಆ್ಯಪಲ್ ಕಂಪನಿ 2009ರಲ್ಲಿ ಮ್ಯಾಕ್‌ಬುಕ್ ಪ್ರೊ ಬ್ಯಾಟರಿಗೆ ಐದು ಎಸಳಿನ ಸ್ಕ್ರೂ ಹಾಕಿತು, ಆಮೇಲೆ ಐಫೋನಿನ ಕೆಳಅಂಚಿಗೂ ಅದೇ ಬಂತು. ಮೈಕ್ರೋವೇವ್ ಓವನ್ನಿನ ಹೊರಕವಚದಲ್ಲಿ ಆರು ಮೂಲೆಯ ಟಾರ್ಕ್ಸ್, ಅದರ ನಡುವೆ ಒಂದು ಚಿಕ್ಕ ಕಡ್ಡಿ. ಟಾರ್ಕ್ಸ್ 1967ರಷ್ಟು ಹಳೆಯದು. ಆ ಕಡ್ಡಿ ಮಾತ್ರ ನಮ್ಮನ್ನು ತಡೆಯಲೆಂದೇ ಇಟ್ಟದ್ದು. ಬಿಟ್‌ನ ತುದಿಯಲ್ಲಿ ತೂತಿದ್ದರೆ ಮಾತ್ರ ಅದು ಒಳಗೆ ಕೂರುತ್ತದೆ.

ತ್ರಿಕೋನ, ಮೂರು ರೆಕ್ಕೆ, ಹಾವಿನ ಕಣ್ಣಿನಂತೆ ಎರಡು ತೂತಿನದು, ಇವುಗಳಿಗೆ ಅಗ್ಗದ ಡಬ್ಬಿಯೇ ಸಾಕು. ವರ್ಷದಲ್ಲಿ ಎಂದೋ ಒಮ್ಮೆ ಬೇಕಾಗುವ ಆಕಾರಗಳಿವು. ಮೇಲಾಗಿ ಇಂಥ ಸ್ಕ್ರೂಗಳು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿಗೆ ಕಚ್ಚಿರುತ್ತವೆ, ಬಿಚ್ಚಲು ಹೆಚ್ಚು ಬಲ ಬೇಡ. ಒಂದೇ ತೊಂದರೆ ಎಂದರೆ ಉದ್ದ. ಡಬ್ಬಿಯ ಬಿಟ್‌ಗಳು 25 ಮಿಲಿಮೀಟರಿನ ಮೋಟು ಬಿಟ್‌ಗಳು. ಕೆಟಲ್‌ನ ಸ್ಕ್ರೂ ಆಳದ ಗುಳಿಯಲ್ಲಿ ಕೂತಿರುತ್ತದೆ, ಹಿಡಿಯ ದಪ್ಪ ಬಾಯಿ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಅದಕ್ಕಾಗಿ ಸಪೂರ ಬಾಯಿಯ ಉದ್ದನೆಯ ಹಿಡಿಯೊಂದನ್ನು ಬೇರೆಯಾಗಿ ಕೊಂಡಿಟ್ಟುಕೊಂಡಿದ್ದೇನೆ.

ಮೈಕ್ರೋವೇವ್ ವಿಷಯ ಬೇರೆ. ಮುಂಬಯಿಯ ಉಪ್ಪುಗಾಳಿ, ಮಳೆಗಾಲದ ತೇವ, ಅದರ ಮೇಲೆ ಹೋಟೆಲಿನ ಅಡುಗೆಮನೆಯ ಎಣ್ಣೆಹೊಗೆ. ಹಿಂಬದಿಯ ಸ್ಕ್ರೂಗಳು ಕಂದುಬಣ್ಣದ ಅಂಟಿನೊಳಗೆ ಹೂತು ಹೋಗಿರುತ್ತವೆ. ಮಾಟುಂಗದ ಒಂದು ಹೋಟೆಲಿನಲ್ಲಿ ಅಂಥ ಓವನ್ನಿಗೆ ಡಬ್ಬಿಯ ಟಿ20 ಅಳತೆಯ ಟಾರ್ಕ್ಸ್ ಬಿಟ್ ಹಾಕಿ ತಿರುಗಿಸಿದೆ. ಸ್ಕ್ರೂ ಕದಲಲಿಲ್ಲ, ಕೈಗೆ ಮಾತ್ರ ಏನೋ ಮೆತ್ತಗೆ ಸರಿದಂತಾಯಿತು. ಹೊರತೆಗೆದು ನೋಡಿದರೆ ನೇರವಾಗಿದ್ದ ಆರು ಅಂಚುಗಳೂ ಚಕ್ಕುಲಿಯ ಎಳೆಯ ಹಾಗೆ ಓರೆಯಾಗಿ ಹೊರಳಿದ್ದವು. ಟಿ20 ಬಿಟ್‌ನ ತುದಿ 4 ಮಿಲಿಮೀಟರ್‌ಗಿಂತ ಕಡಿಮೆ ಅಗಲ. ನಡುವೆ ತೂತು ಕೊರೆದ ಮೇಲೆ ಉಳಿಯುವ ಉಕ್ಕು ತೀರ ತೆಳು, ಅದೂ ಮೆದುವಾಗಿದ್ದರೆ ಏನಾಗಬೇಕೋ ಅದೇ ಆಯಿತು.

ಆದ್ದರಿಂದ ಈ ಅಳತೆಯದನ್ನು ಬಿಡಿಯಾಗಿಯೇ ಕೊಳ್ಳುತ್ತೇನೆ: ಎಸ್2 ಎಂಬ ಗಟ್ಟಿ ಉಕ್ಕಿನದು, 50 ಮಿಲಿಮೀಟರ್ ಉದ್ದದ್ದು. ಕಡ್ಡಿಯಿಲ್ಲದ ಸಾದಾ ಟಾರ್ಕ್ಸ್‌ಗೆ ತೂತಿಲ್ಲದ ಗಟ್ಟಿ ಬಿಟ್ಟನ್ನೇ ಬಳಸುತ್ತೇನೆ. ತೂತಿನದು ಎರಡಕ್ಕೂ ಕೂರುತ್ತದೆ ಎಂದು ಒಂದನ್ನೇ ಎಲ್ಲ ಕಡೆ ತಿರುಗಿಸಿದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ.

ಒಳ್ಳೆಯ ಬಿಟ್ ಇದ್ದರೂ ಅವಸರ ಸಲ್ಲದು. ಮೊದಲು ದಪ್ಪ ಸೂಜಿಯಿಂದ ಸ್ಕ್ರೂ ತಲೆಯ ಕೊಳೆಯನ್ನು ಕೆರೆದು ತೆಗೆಯುತ್ತೇನೆ. ಕೊಳೆ ಉಳಿದರೆ ಬಿಟ್ ಅರ್ಧಕ್ಕೇ ಕೂತು ಅಂಚು ಹಾಳಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಒಂದು ಹನಿ ಹಾಕಿ, ಒಂದು ಚಹಾ ಕುಡಿದು ಬರುತ್ತೇನೆ (ಹೋಟೆಲಿನಲ್ಲಿ ಅದಕ್ಕೇನೂ ಬರವಿಲ್ಲ). ಬಳಿಕ ಬಿಟ್ ಕೂರಿಸಿ ಹಿಡಿಯ ಹಿಂಬದಿಗೆ ಸುತ್ತಿಗೆಯಿಂದ ಹಗುರವಾಗಿ ಒಂದೆರಡು ಪೆಟ್ಟು. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ತುಕ್ಕಿನ ಹಿಡಿತ ಮುರಿದ ಮೇಲೆ ಬಿಚ್ಚುವುದು. ಇದಕ್ಕೆಲ್ಲ ಕೈಯೇ ಬೇಕು, ಡ್ರಿಲ್ ಯಂತ್ರ ಬೇಡ. ಸರಿಯಾದ ಬಿಟ್ ಕೈಯಲ್ಲಿ ಇಲ್ಲದಾಗ ಸಣ್ಣ ಪಂಚ್ ಇಟ್ಟು ನಡುವಿನ ಕಡ್ಡಿಯನ್ನೇ ಪಕ್ಕಕ್ಕೆ ಹೊಡೆದು ಮುರಿಯುವುದೂ ಉಂಟು. ಆಮೇಲೆ ಸಾದಾ ಟಾರ್ಕ್ಸ್ ಒಳಗೆ ಹೋಗುತ್ತದೆ. ಬಿಗಿಯುವ ಕಡೆಗೆ ಮಾತ್ರ ತಿರುಗುವ ಒಮ್ಮುಖ ಸ್ಕ್ರೂಗಳಿಗೆ ಮಾತ್ರ ಯಾವ ಡಬ್ಬಿಯೂ ಉತ್ತರವಲ್ಲ. ಅಲ್ಲಿ ತಲೆಗೆ ಗರಗಸದಿಂದ ಗೀರು ಹಾಕಿ ಚಪ್ಪಟೆ ಸ್ಕ್ರೂಡ್ರೈವರ್ ಕೂರಿಸಬೇಕಾಗುತ್ತದೆ.

ಆ ಹೋಟೆಲಿನ ಮ್ಯಾನೇಜರು ನನ್ನ ಕೆಲಸವನ್ನೆಲ್ಲ ನೋಡಿ, “ಮಾರಾಯರೇ, ಈ ಡಬ್ಬಿ ಎಲ್ಲಿ ಸಿಗುತ್ತದೆ ಹೇಳಿ. ಮುಂದಿನ ಸಲ ನಾವೇ ಬಿಚ್ಚುತ್ತೇವೆ” ಎಂದರು. “ಕೆಟಲ್ ಬಿಚ್ಚಿ, ಮಿಕ್ಸರ್ ಬಿಚ್ಚಿ, ಪ್ಲಗ್ ಕಿತ್ತ ಮೇಲೆ. ಇದನ್ನು ಮಾತ್ರ ಬೇಡ” ಎಂದೆ. ಮೈಕ್ರೋವೇವ್ ಒಳಗಿನ ಕೆಪಾಸಿಟರ್‌ನಲ್ಲಿ 2,000 ವೋಲ್ಟ್‌ಗೂ ಮೀರಿದ ವಿದ್ಯುತ್ತು ತುಂಬಿರಬಹುದು, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಮುಟ್ಟಿದರೆ ಜೀವವೇ ಹೋಗಬಹುದು. ಉಳಿದ ಸ್ಕ್ರೂಗಳ ಬಗ್ಗೆ ಕಂಪನಿಗಳ ಮೇಲೆ ನನಗೆ ಸಿಟ್ಟಿದೆ, ಈ ಒಂದರ ಬಗ್ಗೆ ಇಲ್ಲ.

ಡಬ್ಬಿ ಕೊಳ್ಳುವಾಗ ಜೇಬಿನಲ್ಲಿ ಒಂದೆರಡು ಹಳೆಯ ಸ್ಕ್ರೂ ಒಯ್ಯಿರಿ. ಬಿಟ್ಟನ್ನು ಅದರೊಳಗೆ ಕೂರಿಸಿ ಅಲ್ಲಾಡಿಸಿ ನೋಡಿ, ಲೊಡಲೊಡ ಎಂದರೆ ಬೇಡ. ತೂತಿನ ಬಿಟ್ಟನ್ನು ಬೆಳಕಿಗೆ ಹಿಡಿಯಿರಿ. ತೂತು ನಟ್ಟನಡುವೆ ಇಲ್ಲದೆ ಒಂದು ಪಕ್ಕಕ್ಕೆ ವಾಲಿದ್ದರೆ ಆ ಪಕ್ಕದ ಗೋಡೆ ಮೊದಲ ತಿರುವಿಗೇ ಒಡೆಯುತ್ತದೆ. ಮೈಮೇಲೆ ಸಿಆರ್-ವಿ (ಕ್ರೋಮ್ ವೆನೇಡಿಯಮ್ ಉಕ್ಕು) ಎಂದು ಒತ್ತಿರುವುದನ್ನು ನಂಬಬೇಕಿಲ್ಲ, ಅಚ್ಚು ಯಾರು ಬೇಕಾದರೂ ಒತ್ತಬಹುದು. ಅಂಗಡಿಯವನು ಡಬ್ಬಿ ತೆರೆಯಲು ಗೊಣಗಿದರೆ ಪಕ್ಕದ ಅಂಗಡಿಯಲ್ಲೂ ಅದೇ ಮಾಲು ಇರುತ್ತದೆ, ಅವನು ತೆರೆದು ತೋರಿಸುತ್ತಾನೆ.