ಬಾಗಿಲಿಗೆ ಕೀಲು, ಚಿಲಕ ಆರಿಸುವ ಮುನ್ನ

ಮನೆ ಕಟ್ಟಿಸುವವರು ಮುಂಬಾಗಿಲಿನ ಹಿಡಿಕೆಗಾಗಿ ಮೂರು ಅಂಗಡಿ ಸುತ್ತುತ್ತಾರೆ. ಕೀಲುಗಳನ್ನು ಮಾತ್ರ ‘ಯಾವುದಾದರೂ ಹಾಕಿ’ ಎಂದು ಆಚಾರಿಗೆ ಬಿಡುತ್ತಾರೆ. ಮೊದಲ ಮಳೆಗಾಲದಲ್ಲೇ ಬಾಗಿಲು ಜೋತು ನೆಲ ಕೆರೆಯತೊಡಗುತ್ತದೆ. ಮರ ಉಬ್ಬಿತೆಂದು ಕೆಳಗಿನ ಅಂಚನ್ನು ಹೆರೆಸುತ್ತಾರೆ. ಬೇಸಿಗೆ ಬಂದಾಗ ಅಲ್ಲಿ ಇಲಿಮರಿ ನುಸುಳುವಷ್ಟು ಸಂದು! ಇಂಥ ಬಾಗಿಲುಗಳನ್ನು ನೆಂಟರ ಮನೆಗಳಲ್ಲಿ ಕಂಡು ಕಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಕೋಣೆಯ ಫ್ಲಶ್ ಡೋರ್‌ಗೆ (ಎರಡೂ ಬದಿ ಸಪಾಟಾದ ಪ್ಲೈವುಡ್ ಬಾಗಿಲು) 4 ಇಂಚಿನ 3 ಕೀಲು, ತೇಗದ ಮುಂಬಾಗಿಲಿಗೆ 5 ಇಂಚಿನ 4.

ಆಮೇಲೆ ಲೋಹ. ಕರಾವಳಿಯವರು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೊಳ್ಳಿ. 202 ಅಗ್ಗ, ಆದರೆ ಉಪ್ಪುಗಾಳಿಗೆ ಬೇಗ ತುಕ್ಕಿನ ಕಲೆ ಕೂರುತ್ತದೆ. ಆಯಸ್ಕಾಂತ ಹಿಡಿದು ಇವೆರಡನ್ನು ಬೇರೆ ಮಾಡಲಾಗದು; ದರ್ಜೆಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಹಿತ್ತಾಳೆ ಬಣ್ಣ ಬಳಿದ ತಗಡಿನ ಕೀಲುಗಳನ್ನು ಮುಟ್ಟಲೇಬೇಡಿ.

ಇನ್ನು ಕೂರಿಸುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ, ಆ ದಿನ ಬಡಗಿಯ ಪಕ್ಕದಲ್ಲೇ ನಿಲ್ಲಿ. ಕೀಲಿನ ರೆಕ್ಕೆಯನ್ನು ಮರದ ಮೇಲಿಟ್ಟು ಪೆನ್ಸಿಲ್ ಗೆರೆ ಎಳೆದು, ರೆಕ್ಕೆಯ ದಪ್ಪದಷ್ಟೇ ಆಳಕ್ಕೆ ಉಳಿಯಿಂದ ಕೆತ್ತಬೇಕು. ಬೆರಳಾಡಿಸಿದರೆ ಲೋಹ, ಮರ ಎರಡೂ ಒಂದೇ ಮಟ್ಟದಲ್ಲಿರಬೇಕು. ಆಳ ಹೆಚ್ಚಾದರೆ ಮುಚ್ಚಿದ ಬಾಗಿಲು ತಾನಾಗಿ ಹಿಂದಕ್ಕೆ ಚಿಮ್ಮುತ್ತದೆ. ರೆಕ್ಕೆಯಡಿಗೆ ರಟ್ಟಿನ ತುಂಡು ಕೊಟ್ಟರೆ ಸರಿಹೋಗುತ್ತದೆ. ಸ್ಕ್ರೂಗೆ ಮುಂಚೆಯೇ ಅದಕ್ಕಿಂತ ಸಣ್ಣ ರಂಧ್ರ ಕೊರೆಸಿ, ಎಳೆಗಳಿಗೆ ಒಂದಿಷ್ಟು ಸೋಪು ಸವರಿ, ತಿರುಗಿಸಿಯೇ ಇಳಿಸಬೇಕು. ನಮ್ಮ ಅಡುಗೆಮನೆಯ ಬಾಗಿಲಿನ ಕೀಲು ಕಳಚಿ ಬಂದಾಗ ಸ್ಕ್ರೂಗಳನ್ನು ಕೈಯಲ್ಲಿ ಹಿಡಿದು ನೋಡಿದೆ: ತಲೆಯ ಮೇಲೆ ಸುತ್ತಿಗೆಯ ಪೆಟ್ಟಿನ ಗುರುತು, ಎಳೆಗಳ ನಡುವೆ ಪುಡಿಯಾದ ಮರ. ಹೊಡೆದಿಳಿಸಿದ ಸ್ಕ್ರೂ ಮೊಳೆಗಿಂತ ಕಡೆ, ಏಕೆಂದರೆ ಅದು ಮರದ ನಾರನ್ನೇ ಹರಿದುಹಾಕಿರುತ್ತದೆ. ಕೀಲಿನ ಜೊತೆ ಪುಕ್ಕಟೆ ಬರುವ ಗಿಡ್ಡ ಸ್ಕ್ರೂಗಳನ್ನು ಬದಿಗಿಟ್ಟು, ಒಂದೂವರೆ ಇಂಚಿನವನ್ನು ತನ್ನಿ.

ಚಿಲಕದ ವಿಷಯಕ್ಕೆ ಬಂದರೆ, ಕೋಣೆಗಳಿಗೆ 8 ಇಂಚಿನ ಟವರ್ ಬೋಲ್ಟ್ (ಸರಳು ಜಾರಿಸಿ ಹಾಕುವ ಚಿಲಕ) ಸಾಕು. ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ಅದು ಮೇಲ್ತುದಿಯಲ್ಲೇ ಇರಲಿ. ಒಳಗಿನಿಂದ ಚಿಲಕ ಜಾರಿಸಿ ಅಳುವ ಮಗುವನ್ನು ಹೊರತರಲು ಬಾಗಿಲು ಒಡೆಯುವ ಪಾಡು ಯಾರಿಗೂ ಬೇಡ. ಬಚ್ಚಲಿಗೆ ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಬೀಗವೇ ಆಗಬೇಕು. ಹಿರಿಯರಿರುವ ಮನೆಯಲ್ಲಂತೂ ಬೇರೆಯದನ್ನು ಯೋಚಿಸಬೇಡಿ. ಚಿಲಕದ ಸರಳು ಹೋಗುವ ರಂಧ್ರವನ್ನು ತುಸು ಉದ್ದಕ್ಕೆ ಕೊರೆಸಿದರೆ ಮಳೆಗಾಲದಲ್ಲಿ ಬಾಗಿಲು ಉಬ್ಬಿದರೂ ಒದ್ದಾಡಬೇಕಿಲ್ಲ.

ಕೊನೆಗೆ, ಬಾಗಿಲು ಗಾಳಿಗೆ ಬಡಿಯದಂತೆ ಹಿಡಿಯುವ ಸ್ಟಾಪರ್. ನನ್ನ ಆಯ್ಕೆ ಆಯಸ್ಕಾಂತದ್ದು. ಅಂಟಿಸುವ ಬಗೆ ಬೇಡ, ಒಂದು ಜೋರು ಗಾಳಿಗೇ ಕಿತ್ತು ಬರುತ್ತದೆ. ನೆಲಕ್ಕೆ ಸ್ಕ್ರೂ ಹಾಕುವಂಥದ್ದು ತನ್ನಿ. ಬಾಗಿಲಿನ ಹೊರ ಅಂಚಿನಿಂದ ಮೂರ್ನಾಲ್ಕು ಇಂಚು ಒಳಗೆ ಅದನ್ನು ಕೂರಿಸಿ. ಕಾಲಿಗೆ ತಾಗುತ್ತದೆಂದು ಕೀಲಿನ ಬಳಿಗೆ ಸರಿಸಿದರೆ, ಬಾಗಿಲು ಬೀಸಿದಾಗಲೆಲ್ಲ ಸ್ಟಾಪರ್ ಮೀಟುಗೋಲಿನ ಆಸರೆಯಂತಾಗಿ ಕೀಲಿನ ಸ್ಕ್ರೂಗಳು ಒಂದೊಂದಾಗಿ ಸಡಿಲುತ್ತವೆ.