ಗೆಸ್ಟ್ ಮೆಮೊರಿಯಲ್ಲಿ 64 ಬೈಟ್ ಸೊನ್ನೆ

ರಾಸ್ಪ್‌ಬೆರಿ ಪೈ 4 ಬೋರ್ಡಿಗೆ ಸ್ವಂತ ಹೈಪರ್‌ವೈಸರ್ (ಇನ್ನೊಂದು ಸಿಸ್ಟಂ ಅನ್ನು ತನ್ನ ಕೈಕೆಳಗೆ ಓಡಿಸುವ ಪ್ರೋಗ್ರಾಂ) ಒಂದನ್ನು ಬರೆಯಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಅದರಲ್ಲಿರುವುದು ನಾಲ್ಕು ಕಾರ್ಟೆಕ್ಸ್-ಎ72 ಕೋರ್. 64-ಬಿಟ್ ಕರ್ನಲ್ ಫೈಲ್ ಇಟ್ಟರೆ ಅದು ಇಎಲ್2 ಅನ್ನುವ ಅಧಿಕಾರದ ಮಟ್ಟದಲ್ಲೇ ಶುರುವಾಗುತ್ತದೆ. ಹೈಪರ್‌ವೈಸರ್ ಕೂರಬೇಕಾದ ಜಾಗವೂ ಅದೇ. ಕಲಿಯುವವರಿಗೆ ಇದು ದೊಡ್ಡ ಅನುಕೂಲ.

ಗೆಸ್ಟ್‌ಗೆ, ಅಂದರೆ ಹೈಪರ್‌ವೈಸರ್ ಕೆಳಗೆ ಓಡುವ ಪ್ರೋಗ್ರಾಂಗೆ, 128 ಎಂಬಿ ಮೆಮೊರಿ ಇದೆ ಅಂತ ತೋರಿಸಿದ್ದೆ. ಆದರೆ ಒಂದು ಪೇಜನ್ನೂ (ಮೆಮೊರಿಯ 4 ಕೆಬಿ ತುಂಡು) ಮೊದಲೇ ಕೊಟ್ಟಿರಲಿಲ್ಲ. ಗೆಸ್ಟ್ ಯಾವ ಪೇಜನ್ನು ಮೊದಲ ಸಲ ಮುಟ್ಟುತ್ತದೋ ಆಗ ಸ್ಟೇಜ್-2 ಟೇಬಲ್‌ನಲ್ಲಿ (ಗೆಸ್ಟ್‌ನ ವಿಳಾಸಕ್ಕೆ ನಿಜವಾದ ಮೆಮೊರಿ ಎಲ್ಲಿದೆ ಅಂತ ನಾನು ಇಟ್ಟ ಪಟ್ಟಿ) ಅದು ಸಿಗದೆ ಫಾಲ್ಟ್ ಆಗುತ್ತದೆ, ಕಂಟ್ರೋಲ್ ನನ್ನ ಕೋಡಿಗೆ ಬರುತ್ತದೆ. ಇಎಸ್‌ಆರ್_ಇಎಲ್2 ರಿಜಿಸ್ಟರ್ ನೋಡಿದರೆ ಕಾರಣ ಗೊತ್ತಾಗುತ್ತದೆ: ಅದರ ಕಾರಣದ ಭಾಗದಲ್ಲಿ ಹೆಕ್ಸ್ 24 ಇದ್ದರೆ ಡೇಟಾ ಅಬಾರ್ಟ್ (ಡೇಟಾ ಮುಟ್ಟುವಾಗ ಆದ ಫಾಲ್ಟ್), 20 ಇದ್ದರೆ ಇನ್‌ಸ್ಟ್ರಕ್ಷನ್ ಅಬಾರ್ಟ್ (ಸೂಚನೆ ತರುವಾಗ ಆದ ಫಾಲ್ಟ್). ಗೆಸ್ಟ್ ಯಾವ ಪೇಜ್ ಕೇಳಿತು ಅನ್ನುವುದು ಎಚ್‌ಪಿಎಫ್‌ಎಆರ್_ಇಎಲ್2ನಲ್ಲಿ ಇರುತ್ತದೆ. ಕೆಳಗಿನ ನಾಲ್ಕು ಬಿಟ್ ತೆಗೆದು, ಎಂಟು ಬಿಟ್ ಎಡಕ್ಕೆ ಸರಿಸಿದರೆ ಪೇಜಿನ ವಿಳಾಸ ಸಿಕ್ಕಿತು. ನಾನು ಒಂದು ಖಾಲಿ ಪೇಜ್ ತೆಗೆದು, ಸೊನ್ನೆ ತುಂಬಿ, ಟೇಬಲ್‌ಗೆ ಸೇರಿಸಿ ಗೆಸ್ಟ್‌ಗೆ ವಾಪಸ್ ಹೋಗುತ್ತಿದ್ದೆ. ಇಷ್ಟೇ ಕೆಲಸ ಅಂದುಕೊಂಡಿದ್ದೆ.

ಪರೀಕ್ಷೆಗೆ ಅಂತ ಒಂದು ಚಿಕ್ಕ ಗೆಸ್ಟ್ ಬರೆದೆ. ಎಂಎಂಯು (ಪ್ರೋಗ್ರಾಂ ಬಳಸುವ ವಿಳಾಸವನ್ನು ಮೆಮೊರಿಯ ವಿಳಾಸಕ್ಕೆ ಬದಲಿಸುವ ಹಾರ್ಡ್‌ವೇರ್) ಆನ್ ಮಾಡದೆಯೇ ಓಡುವ ಪ್ರೋಗ್ರಾಂ ಅದು. ಮೆಮೊರಿಯ ಪ್ರತಿ ಎಂಟು ಬೈಟ್‌ನಲ್ಲಿ ಆ ಜಾಗದ ವಿಳಾಸವನ್ನೇ ಬರೆಯುತ್ತದೆ, ಆಮೇಲೆ ಮೊದಲಿಂದ ಓದಿ ಸರಿ ಇದೆಯಾ ಅಂತ ನೋಡುತ್ತದೆ. ಬೋರ್ಡನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಕ್ಯೂಎಮುನಲ್ಲಿ ನೂರು ಸಲ ಓಡಿಸಿದರೂ ಒಂದು ತಪ್ಪೂ ಬರಲಿಲ್ಲ. ಬೋರ್ಡಿಗೆ ಹಾಕಿದ ಮೊದಲ ಸಲವೇ ತಪ್ಪು ಬಂತು. ಮತ್ತೆ ಓಡಿಸಿದೆ, ಬೇರೆ ಜಾಗದಲ್ಲಿ ತಪ್ಪು. ಸೀರಿಯಲ್ ಪೋರ್ಟಿಗೆ ಪ್ರಿಂಟ್ ಜಾಸ್ತಿ ಹಾಕಿದರೆ ತಪ್ಪು ಇನ್ನೆಲ್ಲೋ ಸರಿಯುತ್ತಿತ್ತು.

ಮೊದಲ ಅನುಮಾನ ಟಿಎಲ್‌ಬಿ (ಟೇಬಲ್‌ನಲ್ಲಿ ಹುಡುಕಿದ ವಿಳಾಸಗಳನ್ನು ಪ್ರೊಸೆಸರ್ ನೆನಪಿಟ್ಟುಕೊಳ್ಳುವ ಜಾಗ) ಮೇಲೆ ಬಿತ್ತು. ಟೇಬಲ್ ಬದಲಿಸಿದ ಕಡೆಯಲ್ಲೆಲ್ಲ ಟಿಎಲ್‌ಬಿ ಖಾಲಿ ಮಾಡುವ ಸೂಚನೆ ತುಂಬಿದೆ. ಎರಡು ಶನಿವಾರ, ಎರಡು ಭಾನುವಾರ ಅದರಲ್ಲೇ ಹೋಯಿತು. ಏನೂ ಬದಲಾಗಲಿಲ್ಲ.

ಕೊನೆಗೆ ತಪ್ಪಿರುವ ಜಾಗವನ್ನೆಲ್ಲ ಪಟ್ಟಿ ಮಾಡಿ ಕಾಗದದ ಮೇಲೆ ಬರೆದುಕೊಂಡು ಕೂತೆ. ಆಗ ಕಣ್ಣಿಗೆ ಬಿತ್ತು. ತಪ್ಪು ಶುರುವಾಗುವ ವಿಳಾಸದ ಕೊನೆಯ ಎರಡು ಹೆಕ್ಸ್ ಅಂಕಿ ಯಾವಾಗಲೂ 00, 40, 80, ಇಲ್ಲವೇ ಸಿ0. ಉದ್ದ ಯಾವಾಗಲೂ 64 ಬೈಟ್. ಒಳಗೆ ಇರುವುದು ಬರೀ ಸೊನ್ನೆ. ಎ72ನ ಕ್ಯಾಶ್ ಲೈನ್, ಅಂದರೆ ಕ್ಯಾಶ್ ಒಂದು ಸಲಕ್ಕೆ ಹಿಡಿಯುವ ತುಂಡು, ಸರಿಯಾಗಿ 64 ಬೈಟ್! ಸಿಟಿಆರ್_ಇಎಲ್0 ರಿಜಿಸ್ಟರ್ ಓದಿ ನೋಡಿದೆ, 8444ಸಿ004 ಅಂತ ಬಂತು. ಅದರಲ್ಲಿ ಡೇಟಾ ಲೈನಿನ ಅಳತೆ ಹೇಳುವ ಜಾಗದಲ್ಲಿ 4 ಇದೆ. ಅಂದರೆ 16 ವರ್ಡ್, 64 ಬೈಟ್. ಆ ಸೊನ್ನೆಗಳು ಎಲ್ಲಿಂದಲೋ ಬಂದ ಕಸ ಅಲ್ಲ, ನಾನೇ ಫಾಲ್ಟ್ ಹ್ಯಾಂಡ್ಲರ್‌ನಲ್ಲಿ ತುಂಬಿದ ಸೊನ್ನೆಗಳು.

ನಡೆದದ್ದು ಏನು ಅಂತ ಹೇಳುತ್ತೇನೆ. ನಮ್ಮಪ್ಪನ ಅಂಗಡಿಯಲ್ಲಿ ದಿನದ ವ್ಯಾಪಾರ ಮೊದಲು ಕಿರ್ದಿಗೆ ಹೋಗುತ್ತಿತ್ತು. ಪುರುಸೊತ್ತಾದಾಗ ಕಿರ್ದಿಯಿಂದ ಖಾತೆ ಪುಸ್ತಕಕ್ಕೆ ಇಳಿಸುತ್ತಿದ್ದರು. ಕ್ಯಾಶ್ ಕಿರ್ದಿ ಇದ್ದ ಹಾಗೆ, ಮೆಮೊರಿ ಖಾತೆ ಪುಸ್ತಕ. ನನ್ನ ಹೈಪರ್‌ವೈಸರ್ ಸೊನ್ನೆ ಬರೆದದ್ದು ಕಿರ್ದಿಯಲ್ಲಿ. ಎಂಎಂಯು ಆಫ್ ಇರುವ ಗೆಸ್ಟ್ ಕಿರ್ದಿ ತೆರೆಯುವುದೇ ಇಲ್ಲ, ಅದರ ಓದು-ಬರಹ ಎಲ್ಲ ನೇರ ಖಾತೆ ಪುಸ್ತಕದಲ್ಲೇ. ಸ್ಟೇಜ್-2ನಲ್ಲಿ ನಾನು ಆ ಪೇಜನ್ನು ಕ್ಯಾಶ್ ಮಾಡಬಹುದು ಅಂತ ಬರೆದಿದ್ದರೂ ಪ್ರಯೋಜನ ಇಲ್ಲ. ಗೆಸ್ಟ್‌ನದು ಒಂದು, ನನ್ನದು ಇನ್ನೊಂದು, ಈ ಎರಡು ಹಂತದಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. ಗೆಸ್ಟ್ ತನ್ನ ಸಂಖ್ಯೆ ಬರೆದು ಮುಂದೆ ಹೋಗಿರುತ್ತದೆ. ಸ್ವಲ್ಪ ಹೊತ್ತಿಗೆ ಕ್ಯಾಶ್‌ನಲ್ಲಿ ಜಾಗ ಬೇಕಾಗಿ ನನ್ನ ಹಳೆಯ ಸೊನ್ನೆಯ ಲೈನ್ ಹೊರಗೆ ಬರುತ್ತದೆ, ಗೆಸ್ಟ್ ಬರೆದದ್ದರ ಮೇಲೆಯೇ ಕೂರುತ್ತದೆ. ಯಾವ ಲೈನ್ ಯಾವಾಗ ಹೊರಬೀಳುತ್ತದೆ ಅನ್ನುವುದು ಸುತ್ತ ಏನೇನು ಓಡುತ್ತಿದೆ ಅನ್ನುವುದರ ಮೇಲೆ ಹೋಗುತ್ತದೆ. ಪ್ರಿಂಟ್ ಹಾಕಿದಾಗ ತಪ್ಪು ಜಾಗ ಬದಲಿಸುತ್ತಿದ್ದದ್ದು ಅದಕ್ಕೇ. ಕ್ಯೂಎಮು ಕ್ಯಾಶನ್ನು ಅನುಕರಿಸುವುದಿಲ್ಲ, ಹಾಗಾಗಿ ಅಲ್ಲಿ ಈ ತಪ್ಪು ಹುಟ್ಟುವುದಕ್ಕೇ ಸಾಧ್ಯವಿಲ್ಲ. ಇಂಥ ಕೆಲಸಕ್ಕೆ ಇಳಿಯುವವರು ಮೊದಲ ದಿನದಿಂದಲೇ ನಿಜವಾದ ಬೋರ್ಡ್ ಪಕ್ಕದಲ್ಲಿ ಇಟ್ಟುಕೊಳ್ಳಿ ಅಂತ ನಾನು ಒತ್ತಿ ಹೇಳುತ್ತೇನೆ.

ಕಾರಣ ಗೊತ್ತಾದ ಮೇಲೂ ಒಂದು ಅಡ್ಡದಾರಿ ನೋಡಿದೆ. ಎಚ್‌ಸಿಆರ್_ಇಎಲ್2 ಅನ್ನುವ ಹೈಪರ್‌ವೈಸರ್ ರಿಜಿಸ್ಟರ್‌ನಲ್ಲಿ ಡಿಸಿ ಅನ್ನುವ ಬಿಟ್ ಇದೆ. ಅದನ್ನು 1 ಮಾಡಿದರೆ ಎಂಎಂಯು ಆಫ್ ಇರುವ ಗೆಸ್ಟ್ ಕೂಡ ಕ್ಯಾಶ್ ಮೂಲಕವೇ ಹೋಗುತ್ತದೆ. ಪರೀಕ್ಷೆ ತಕ್ಷಣ ಪಾಸಾಯಿತು. ಆದರೆ ಗೆಸ್ಟ್ ತನ್ನ ಎಂಎಂಯು ಆನ್ ಮಾಡಿದ ಕೂಡಲೇ ನಿಂತೇಹೋಯಿತು. ಡಿಸಿ ಬಿಟ್ 1 ಇರುವಷ್ಟು ಹೊತ್ತು ಗೆಸ್ಟ್‌ನ ಎಂಎಂಯು ಬಿಟ್ ಅನ್ನು ಪ್ರೊಸೆಸರ್ ಸೊನ್ನೆ ಅಂತಲೇ ಎಣಿಸುತ್ತದೆ. ಮ್ಯಾನ್ಯುಯಲ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ, ನಾನು ಓದಿರಲಿಲ್ಲ.

ಸರಿ, ನೇರ ದಾರಿ ಹಿಡಿದೆ. ಪೇಜನ್ನು ಟೇಬಲ್‌ಗೆ ಸೇರಿಸುವ ಮೊದಲು ಅದರ 64 ಲೈನ್‌ಗಳನ್ನು ಒಂದೊಂದಾಗಿ ಡಿಸಿ ಸಿವಿಎಸಿ ಸೂಚನೆಯಿಂದ (ಆ ಡಿಸಿ ಬಿಟ್‌ಗೂ ಇದಕ್ಕೂ ಸಂಬಂಧ ಇಲ್ಲ) ಮೆಮೊರಿಗೆ ಇಳಿಸುವುದು, ಕೊನೆಗೆ ಅದೆಲ್ಲ ಮುಗಿಯುವ ತನಕ ಕಾಯಿಸುವ ಒಂದು ಡಿಎಸ್‌ಬಿ. ಕಿರ್ದಿಯಿಂದ ಖಾತೆಗೆ ಇಳಿಸುವ ಕೆಲಸ ಇದು. ಎಂಎಂಯು ಆಫ್ ಇದ್ದ ಪರೀಕ್ಷೆ ಇಡೀ ರಾತ್ರಿ ಒಂದು ತಪ್ಪೂ ಇಲ್ಲದೆ ಓಡಿತು. ಮುಗೀತು ಅಂದುಕೊಂಡೆ.

ಮುಗಿದಿರಲಿಲ್ಲ. ಅದೇ ಗೆಸ್ಟ್‌ಗೆ ಮಧ್ಯದಲ್ಲಿ ಎಂಎಂಯು ಮತ್ತು ಕ್ಯಾಶ್ ಆನ್ ಮಾಡಿಸಿದೆ. ಮತ್ತೆ 64 ಬೈಟ್ ಸೊನ್ನೆ! ಸಿವಿಎಸಿ ಲೈನನ್ನು ಮೆಮೊರಿಗೆ ಇಳಿಸುತ್ತದೆ, ಆದರೆ ಕ್ಯಾಶ್‌ನಿಂದ ತೆಗೆಯುವುದಿಲ್ಲ. ಕಿರ್ದಿಯಲ್ಲಿ ಹಳೆಯ ಸಾಲು ಹಾಗೇ ಉಳಿದಿದೆ. ಗೆಸ್ಟ್ ಖಾತೆಯಲ್ಲಿ ಹೊಸದು ಬರೆದು, ಆಮೇಲೆ ಕಿರ್ದಿ ತೆರೆದು ನೋಡಿದರೆ ಹಳೆಯದೇ ಕಾಣುತ್ತದೆ, ಅಲ್ವಾ? ಸಿವಿಎಸಿ ತೆಗೆದು ಸಿಐವಿಎಸಿ ಹಾಕಿದೆ. ಅದು ಇಳಿಸಿ, ಸಾಲನ್ನೂ ಹೊಡೆದುಹಾಕುತ್ತದೆ.

ತಪ್ಪು ಬಹಳ ಅಪರೂಪ ಆಯಿತು, ಪೂರ್ತಿ ಹೋಗಲಿಲ್ಲ. ಇದು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ಭಾಗ. ಗೆಸ್ಟ್‌ಗೆ ಕೊಟ್ಟ ಪೇಜ್ ನನ್ನ ಹೈಪರ್‌ವೈಸರ್‌ನ ಸ್ವಂತ ಟೇಬಲ್‌ನಲ್ಲೂ ಕ್ಯಾಶ್ ಮಾಡಬಹುದಾದ ಮೆಮೊರಿಯಾಗಿಯೇ ಇರುತ್ತದೆ. ನಾನು ಮುಟ್ಟದಿದ್ದರೂ ಪ್ರೊಸೆಸರ್ ಮುಂದೆ ಬೇಕಾಗಬಹುದು ಅಂತ ಊಹಿಸಿ ಆ ಲೈನನ್ನು ಸುಮ್ನೆ ಕ್ಯಾಶ್‌ಗೆ ಎಳೆದುಕೊಳ್ಳಬಹುದು. ಹಾಗೆ ಎಳೆದ ಮೇಲೆ ಗೆಸ್ಟ್ ನೇರ ಮೆಮೊರಿಗೆ ಬರೆದರೆ ಕ್ಯಾಶ್‌ನಲ್ಲಿ ಇರುವುದು ಹಳೆಯದು. ಅಂದರೆ ಫಾಲ್ಟ್ ಬಂದ ಹೊತ್ತಿಗೆ ಒಂದು ಸಲ ತೊಳೆದರೆ ಸಾಲದು. ಗೆಸ್ಟ್ ಕ್ಯಾಶ್ ಆನ್ ಮಾಡುವ ಕ್ಷಣದಲ್ಲೂ ತೊಳೆಯಬೇಕು.

ಲಿನಕ್ಸ್‌ನ ಹೈಪರ್‌ವೈಸರ್ ಆದ ಕೆವಿಎಂ ಇದನ್ನು ಹೇಗೆ ಮಾಡುತ್ತದೆ ಅಂತ ಅದರ ಕೋಡ್ ತೆರೆದು ನೋಡಿದೆ. ಎಚ್‌ಸಿಆರ್_ಇಎಲ್2ನ ಟಿವಿಎಂ ಬಿಟ್ ಹಾಕಿ, ಗೆಸ್ಟ್ ಎಸ್‌ಸಿಟಿಎಲ್‌ಆರ್_ಇಎಲ್1ಗೆ (ಎಂಎಂಯು, ಕ್ಯಾಶ್ ಆನ್-ಆಫ್ ಮಾಡುವ ರಿಜಿಸ್ಟರ್) ಬರೆಯುವುದನ್ನು ಹಿಡಿಯುತ್ತದೆ. ಕ್ಯಾಶ್ ಆನ್ ಆಗುವುದು ಕಂಡರೆ ಸ್ಟೇಜ್-2ನಲ್ಲಿ ಇರುವ ಗೆಸ್ಟ್ ಪೇಜ್‌ಗಳನ್ನೆಲ್ಲ ತೊಳೆದು, ಆಮೇಲೆ ಟಿವಿಎಂ ತೆಗೆಯುತ್ತದೆ. ನಾನೂ ಹಾಗೇ ಮಾಡಿದೆ. 128 ಎಂಬಿ ಪೂರ್ತಿ ತುಂಬಿದ್ದರೆ 20 ಲಕ್ಷಕ್ಕೂ ಜಾಸ್ತಿ ಲೈನ್. ಬೂಟ್ ಆಗುವಾಗ ಒಂದು ಸಲ ಮಾತ್ರ, ಹಾಗಾಗಿ ಪರವಾಗಿಲ್ಲ. ಬೇಕಾದಾಗಲೇ ಪೇಜ್ ಕೊಡುವ ಪದ್ಧತಿ ಇಲ್ಲಿ ಕೈಹಿಡಿಯಿತು: ಆ ಹೊತ್ತಿಗೆ ಗೆಸ್ಟ್ ಮುಟ್ಟಿರುವ ಪೇಜ್‌ಗಳು ಕಡಿಮೆ.

ಇನ್‌ಸ್ಟ್ರಕ್ಷನ್ ಕ್ಯಾಶ್ ಇಷ್ಟು ಕಷ್ಟ ಕೊಡಲಿಲ್ಲ. ಗೆಸ್ಟ್‌ನ ಕೋಡ್ ಇರುವ ಪೇಜ್ ಕೊಡುವಾಗ ಡೇಟಾ ಲೈನ್ ಇಳಿಸಿದ ಮೇಲೆ ಐಸಿ ಐವಿಎಯು (ಇನ್‌ಸ್ಟ್ರಕ್ಷನ್ ಕ್ಯಾಶ್‌ನ ಹಳೆಯ ಲೈನ್ ತೆಗೆಯುವ ಸೂಚನೆ), ಡಿಎಸ್‌ಬಿ, ಐಎಸ್‌ಬಿ (ಮುಂದಿನ ಸೂಚನೆಗಳನ್ನು ಹೊಸದಾಗಿ ತರಿಸುವುದು). ಎ72ನಲ್ಲಿ ಅಷ್ಟು ಸಾಕು.

ಇನ್ನೊಂದು ಫಾಲ್ಟ್ ಬಗ್ಗೆ ಹೇಳಲೇಬೇಕು. ಗೆಸ್ಟ್ ತಾನೇ ಕ್ಯಾಶ್ ತೊಳೆಯುವ ಸೂಚನೆ ಕೊಟ್ಟಾಗಲೂ ಸ್ಟೇಜ್-2 ಫಾಲ್ಟ್ ಬರಬಹುದು. ಆಗ ಇಎಸ್‌ಆರ್‌ನಲ್ಲಿ ‘ಬರಹ’ ಅಂತಲೇ ತೋರಿಸುತ್ತದೆ. ನನ್ನ ಕೋಡ್ ಅದನ್ನು ಡಿವೈಸಿಗೆ ಬರೆದ ಹಾಗೆ ತಿಳಿದು, ಇಲ್ಲದ ಡೇಟಾ ಹುಡುಕುತ್ತಿತ್ತು. ಸಿಎಂ ಬಿಟ್, ಅಂದರೆ 8ನೇ ಬಿಟ್, ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ವಿಳಾಸ ಗೆಸ್ಟ್‌ನ ಮೆಮೊರಿಯ ಹೊರಗಿದ್ದು ಸಿಎಂ ಬಿಟ್ 1 ಇದ್ದರೆ, ಗೆಸ್ಟ್‌ಗೆ ವಾಪಸ್ ಹೋಗಬೇಕಾದ ವಿಳಾಸ ಇರುವ ಇಎಲ್‌ಆರ್_ಇಎಲ್2ಗೆ 4 ಕೂಡಿಸಿ ಆ ಸೂಚನೆಯನ್ನು ದಾಟಿಸಿಬಿಡುತ್ತೇನೆ. ಕೆವಿಎಂ ಕೂಡ ದಾಟಿಸುತ್ತದೆ.

ಇದೆಲ್ಲ ಆದ ಮೇಲೆ ಲಿನಕ್ಸ್ ಕರ್ನಲ್ ಅನ್ನೇ ಗೆಸ್ಟ್ ಆಗಿ ಇಟ್ಟೆ. ಬೂಟ್ ಆಗಿ ಶೆಲ್ ಪ್ರಾಂಪ್ಟ್ ಬಂದಾಗ ರಾತ್ರಿ ಒಂದೂವರೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು, ಹೇಳಿಕೊಳ್ಳಲು ಯಾರೂ ಇರಲಿಲ್ಲ. ಆ ಮಿನುಗುವ ಕರ್ಸರ್ ನೋಡುತ್ತಾ ಸುಮಾರು ಹೊತ್ತು ಕೂತಿದ್ದೆ.

ಆರ್ಮ್ 8.4ರಲ್ಲಿ ಎಸ್2ಎಫ್‌ಡಬ್ಲ್ಯುಬಿ ಅನ್ನುವ ಸೌಲಭ್ಯ ಬಂದಿದೆ. ಗೆಸ್ಟ್ ಏನೇ ಹೇಳಲಿ, ಮೆಮೊರಿ ಕ್ಯಾಶ್ ಮೂಲಕವೇ ಹೋಗಲಿ ಅಂತ ಹೈಪರ್‌ವೈಸರ್ ಅದರಲ್ಲಿ ಒತ್ತಾಯಿಸಬಹುದು. ಆಗ ಡೇಟಾ ಲೈನ್ ತೊಳೆಯುವ ನನ್ನ ಲೂಪ್ ಬೇಕಾಗುವುದಿಲ್ಲ. ಅದು ಇದೆಯಾ ಅಂತ ನೋಡುವ ಎರಡು ಸಾಲು ಈಗಲೇ ಸೇರಿಸಿಟ್ಟಿದ್ದೇನೆ. ಪೈ 4ರಲ್ಲಿ ಉತ್ತರ ‘ಇಲ್ಲ’ ಅಂತಲೇ ಬರುತ್ತದೆ, ಲೂಪ್ ಓಡುತ್ತದೆ.