ಮಾತ್ರೆಯ ಗಂಟೆ, ಶಾಲೆಯ ಗಂಟೆ: ಪಾರ್ಕಿನ್ಸನ್ ಜೊತೆ ಗಣಿತದ ಪಾಠ

ಪಾರ್ಕಿನ್ಸನ್ ಅಂದ ತಕ್ಷಣ ಜನ ನನ್ನ ಕೈ ನೋಡುತ್ತಾರೆ. ಕೈ ನಡುಗುವುದು ನಿಜ, ಆದರೆ ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡಾಗ. ಸೀಮೆಸುಣ್ಣ ಹಿಡಿದರೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ ನಿಜವಾಗಿ ಅಡ್ಡ ಬಂದದ್ದು ನಿಧಾನ. ರವಿಕೆಯ ಹುಕ್ಕು, ಚೀಲದ ಜಿಪ್ಪು, ಹಾಜರಿ ಪುಸ್ತಕದ ಹಾಳೆ, ಹೀಗೆ ಮೊದಲು ತನ್ನಷ್ಟಕ್ಕೆ ಆಗುತ್ತಿದ್ದ ಪ್ರತಿಯೊಂದಕ್ಕೂ ಈಗ ಮನಸ್ಸಿಟ್ಟು ಕೈಗೆ ಹೇಳಬೇಕು. ಮಿದುಳಿನಲ್ಲಿ, ಚಲನೆಗೆ ಬೇಕಾದ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ಕೋಶಗಳು ಕಡಿಮೆಯಾಗುತ್ತಾ ಹೋಗುವುದರಿಂದ ಹೀಗಾಗುತ್ತದೆ.

ನನಗೆ ಇದು ಗೊತ್ತಾದದ್ದು 46ನೇ ವಯಸ್ಸಿನಲ್ಲಿ. ಅದಕ್ಕೆ ಮೊದಲು ಬಲಭುಜ ಹಿಡಿದುಕೊಂಡಿತ್ತು, ಫ್ರೋಜನ್ ಶೋಲ್ಡರ್ ಅಂತ ವ್ಯಾಯಾಮ ಮಾಡುತ್ತಿದ್ದೆ. ಆಮೇಲೆ ಬೋರ್ಡಿನ ಮೇಲಿನ ಅಕ್ಷರ, ಸಾಲು ಮುಗಿಯುವಷ್ಟರಲ್ಲಿ ಕುಗ್ಗತೊಡಗಿತು. "ಮೇಡಂ, ಅದು ಮೂರಾ ಎಂಟಾ?" ಅಂತ ಹಿಂದಿನ ಬೆಂಚಿನಿಂದ ದಿನವೂ ಕೇಳುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ತಜ್ಞರು ಒಂದು ಹಾಳೆ ಕೊಟ್ಟು ಬರೆಯಲು ಹೇಳಿದರು, ನಡೆಸಿ ನೋಡಿದರು, ಹೆಬ್ಬೆರಳಿಗೆ ತೋರುಬೆರಳು ತಟ್ಟಿಸಿದರು. ನಡೆಯುವಾಗ ಬಲಗೈ ಬೀಸುತ್ತಿಲ್ಲ ಅನ್ನುವುದನ್ನು ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ.

ಕೆಲಸ ಮುಂದುವರಿಸಲು ನಾನು ಮೊದಲು ಕಲಿಯಬೇಕಾದದ್ದು ಮಾತ್ರೆಯ ಲೆಕ್ಕ. ಲೆವೊಡೋಪಾ ಮತ್ತು ಕಾರ್ಬಿಡೋಪಾ ಸೇರಿದ ಮಾತ್ರೆ ನನ್ನದು. ಲೆವೊಡೋಪಾ ಮಿದುಳು ತಲುಪಿ ಡೋಪಮೈನ್ ಆಗುತ್ತದೆ. ದಾರಿಯಲ್ಲೇ ಆಗಿಬಿಡದಂತೆ ಕಾರ್ಬಿಡೋಪಾ ತಡೆಯುತ್ತದೆ. ಆರಂಭದ ವರ್ಷಗಳಲ್ಲಿ ಬೆಳಿಗ್ಗೆಯ ಮಾತ್ರೆ ಮಧ್ಯಾಹ್ನ ದಾಟಿಸುತ್ತಿತ್ತು. ರೋಗ ಹಳೆಯದಾದಂತೆ ಅದರ ಪರಿಣಾಮದ ಅವಧಿ ಕುಗ್ಗುತ್ತಾ ಬಂತು. ಈಗ ಸುಮಾರು ಮೂರು ಗಂಟೆ. ಮಾತ್ರೆ ತಾಗಿರುವಾಗ ನಾನು ಯಾರಿಗೂ ಕಡಿಮೆಯಿಲ್ಲದಂತೆ ಪಾಠ ಮಾಡುತ್ತೇನೆ. ಇಳಿದಾಗ ಕುರ್ಚಿಯಿಂದ ಏಳುವುದೇ ಒಂದು ಕೆಲಸ.

ಹಾಗಾಗಿ ಒಂದು ಹಳೆಯ ಪಾಠ ಯೋಜನೆಯ ಪುಸ್ತಕದಲ್ಲಿ ಬರೆದಿಡತೊಡಗಿದೆ: ಎಷ್ಟು ಹೊತ್ತಿಗೆ ನುಂಗಿದೆ, ಎಷ್ಟು ಹೊತ್ತಿಗೆ ಕೈ ಸಡಿಲವಾಯಿತು, ಎಷ್ಟು ಹೊತ್ತಿಗೆ ಮತ್ತೆ ಬಿಗಿಯಿತು, ನಡುವೆ ಏನು ತಿಂದೆ. ಡಾಕ್ಟರ ಬಳಿ ಹೋಗುವಾಗ "ಪರವಾಗಿಲ್ಲ ಸರ್" ಅನ್ನುವ ಬದಲು ಈ ಪುಸ್ತಕ ಮುಂದಿಡುತ್ತೇನೆ. ಅದನ್ನು ನೋಡಿಯೇ ಅವರು ದೊಡ್ಡ ಮಾತ್ರೆಯನ್ನು ಸಣ್ಣ ಪ್ರಮಾಣಗಳಾಗಿ ಒಡೆದು ಹೆಚ್ಚು ಸಲ ತೆಗೆದುಕೊಳ್ಳುವಂತೆ ಬದಲಿಸಿದರು. ನನ್ನ ನೌಕರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಯಾವುದೂ ಮಾಡಿಲ್ಲ. ಇದೇ ರೋಗ ಇರುವ ಯಾರು ಸಿಕ್ಕರೂ ಮೊದಲು ಇದನ್ನೇ ಹೇಳುತ್ತೇನೆ, ಬರೆದಿಡಿ.

ಊಟದ ವಿಷಯ ಇದರ ಜೊತೆಗೇ ಬರುತ್ತದೆ. ಬೇಳೆ, ಕಾಳು, ಮೊಟ್ಟೆ, ಮೊಸರಿನ ಪ್ರೋಟೀನ್ ಕರಗಿ ಆಗುವ ಅಮೈನೋ ಆಮ್ಲಗಳೂ ಲೆವೊಡೋಪಾವೂ ಕರುಳಿನಲ್ಲಿ, ಆಮೇಲೆ ಮಿದುಳಿನ ಬಾಗಿಲಲ್ಲಿ, ಒಂದೇ ದಾರಿಗೆ ಪೈಪೋಟಿ ಮಾಡುತ್ತವೆ. ಅವರೆಕಾಯಿ ಕಾಲದಲ್ಲಿ ಮಧ್ಯಾಹ್ನ ಮುದ್ದೆ, ಹಿತಕಿದ ಬೇಳೆ ಸಾರು ಉಂಡು ಮಾತ್ರೆ ನುಂಗಿದ ದಿನ ಕೊನೆಯ ಪೀರಿಯಡ್‌ವರೆಗೂ ಅದು ತಾಗುತ್ತಲೇ ಇರಲಿಲ್ಲ. ಈಗ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು, ತುಂಬಾ ನೀರಿನ ಜೊತೆ. ಹಗಲಿಗೆ ಮುದ್ದೆ ಜೊತೆ ತರಕಾರಿ ಸಾರು ಅಥವಾ ಚಿತ್ರಾನ್ನ. ಕಾಳು, ಮೊಟ್ಟೆ, ಮೊಸರು ರಾತ್ರಿಗೆ. ಬಿಟ್ಟುಬಿಡುವ ಮಾತಿಲ್ಲ, ಪ್ರೋಟೀನ್ ಕಡಿಮೆಯಾದರೆ ಮೈ ಇಳಿಯುತ್ತದೆ. ಎಲ್ಲರಿಗೂ ಈ ಬದಲಾವಣೆ ಬೇಕಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನನಗೆ ಬೇಕಿತ್ತು.

ನಮ್ಮ ಅತ್ತಿಗೆ ಪ್ರೀತಿಯಿಂದ ನಸುಗುನ್ನಿ ಬೀಜದ ಪುಡಿ ತಂದುಕೊಟ್ಟಿದ್ದರು. ಅದನ್ನು ಬರೀ ನಾಟಿ ನಂಬಿಕೆ ಅಂತ ತಳ್ಳಿಹಾಕುವಂತಿಲ್ಲ, ಆ ಬೀಜದಲ್ಲಿ ಲೆವೊಡೋಪಾ ನಿಜವಾಗಿಯೂ ಇದೆ. ಅಪಾಯ ಇರುವುದೂ ಅಲ್ಲೇ. ಎಷ್ಟಿದೆ ಅನ್ನುವ ಅಳತೆಯಿಲ್ಲದೆ ಮಾತ್ರೆಯ ಮೇಲೆ ಪುಡಿಯೂ ಸೇರಿದರೆ ಪ್ರಮಾಣ ಮೀರುತ್ತದೆ. "ಅತ್ತಿಗೆ, ಡಾಕ್ಟರನ್ನು ಕೇಳದೆ ಬೇಡ" ಅಂದೆ, ಅವರು ಒಪ್ಪಿದರು. ಹಾಗೆಯೇ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದೂ ಅಪಾಯ.

ಇನ್ನು ಬೋರ್ಡು. ಪಾರ್ಕಿನ್ಸನ್‌ನಲ್ಲಿ ಕೆಡುವುದು ರೂಢಿಯಿಂದ ತಾನಾಗಿ ಆಗುವ ಚಲನೆ. ಕಣ್ಣಿಗೆ ಒಂದು ಗುರಿ ಕೊಟ್ಟು, ಗಮನವಿಟ್ಟು ಮಾಡಿದರೆ ಅದೇ ಕೈ ಮಾತು ಕೇಳುತ್ತದೆ. ಬೆಳಿಗ್ಗೆ ತರಗತಿಯ ಒಬ್ಬ ಹುಡುಗಿ ಉದ್ದದ ಸ್ಕೇಲು ಹಿಡಿದು ಬೋರ್ಡಿನ ಮೇಲೆ ಅಡ್ಡಗೆರೆ ಎಳೆದಿಡುತ್ತಾಳೆ. ಮೇಲಿನ ಗೆರೆ, ಕೆಳಗಿನ ಗೆರೆ ಎರಡನ್ನೂ ಮುಟ್ಟಿಸಿ ಬರೆಯುತ್ತೇನೆ, ಅಕ್ಷರ ಕುಗ್ಗುವುದಿಲ್ಲ. ಇನ್ನೊಂದು ನಿಯಮ, ಬರೆಯುವಾಗ ಮಾತಾಡುವುದಿಲ್ಲ. ಎರಡೂ ಒಟ್ಟಿಗೆ ಮಾಡಲು ಹೋದರೆ ಎರಡೂ ಕುಗ್ಗುತ್ತವೆ. ಒಂದು ಹೆಜ್ಜೆ ಬರೆದು, ತಿರುಗಿ ನಿಂತು, ಆಮೇಲೆ ವಿವರಿಸುತ್ತೇನೆ. ಪೈಥಾಗೊರಸ್ ಪ್ರಮೇಯದ ಸಾಧನೆಗೆ ಇದು ಒಳ್ಳೆಯದೇ ಆಯಿತು. ನಾನು ಸುಮ್ಮನೆ ಬರೆಯುವಷ್ಟು ಹೊತ್ತಿನಲ್ಲಿ ಮುಂದಿನ ಹೆಜ್ಜೆ ಏನಿರಬಹುದು ಅಂತ ಮಕ್ಕಳು ತಾವೇ ಯೋಚಿಸುತ್ತಾರೆ, ಕೆಲವರು ಕೂಗಿಯೂ ಬಿಡುತ್ತಾರೆ. ರೇಖಾಗಣಿತದ ರಚನೆಗಳನ್ನು ಮಾತ್ರ ಈಗ ಮಕ್ಕಳೇ ಬೋರ್ಡಿಗೆ ಬಂದು ಮಾಡುತ್ತಾರೆ. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಹಂತ ಹೇಳುತ್ತೇನೆ.

ಬೋರ್ಡಿನಿಂದ ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗುವುದಿಲ್ಲ, ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ನಾಲ್ಕು ಹೆಜ್ಜೆ ಬಳಸಿ ಅರ್ಧ ಸುತ್ತು ಬರುತ್ತೇನೆ. ಕಿರಿದಾದ ಬಾಗಿಲಲ್ಲೂ ಹೀಗೇ ಕಾಲು ಅಂಟುತ್ತದೆ. ಹೊಸ್ತಿಲ ಮುಂದೆ ಸೀಮೆಸುಣ್ಣದ ಗೆರೆ ಇದ್ದರೆ ಅದನ್ನು ದಾಟುವ ನೆವದಲ್ಲಿ ಕಾಲು ಏಳುತ್ತದೆ. ನಮ್ಮ ಶಾಲೆಯ ಮೂರು ಕೊಠಡಿಗಳ ಬಾಗಿಲಲ್ಲಿ ಆ ಗೆರೆ ಇದೆ, ಅಳಿಸಿದರೆ ಮಕ್ಕಳು ಮತ್ತೆ ಎಳೆಯುತ್ತಾರೆ.

ಧ್ವನಿ ಇಳಿದಿದೆ, ಅದಕ್ಕೆ ಕಾಲರ್ ಮೈಕು ಮತ್ತು ಸೊಂಟಕ್ಕೆ ಕಟ್ಟುವ ಸಣ್ಣ ಸ್ಪೀಕರು. ಮುಖದ್ದು ಇನ್ನೂ ಸೂಕ್ಷ್ಮ. ಮುಖದ ಸ್ನಾಯುಗಳೂ ನಿಧಾನವಾಗುವುದರಿಂದ ನಗು ಬಂದರೂ ಕಾಣಿಸುವುದಿಲ್ಲ, ಎಂಟನೇ ತರಗತಿಗೆ ಹೊಸದಾಗಿ ಬಂದ ಮಕ್ಕಳು ಹೆದರುತ್ತಾರೆ. ಅದಕ್ಕೇ ಪ್ರತಿ ವರ್ಷ ಮೊದಲ ತರಗತಿಯಲ್ಲೇ ಹೇಳಿಬಿಡುತ್ತೇನೆ: "ನನಗೆ ಪಾರ್ಕಿನ್ಸನ್ ಅನ್ನೋ ಕಾಯಿಲೆ ಇದೆ, ಅಂಟೋದಲ್ಲ. ಮುಖ ನೋಡಿ ಕೋಪ ಅಂದ್ಕೊಬೇಡಿ. ಕೋಪ ಬಂದ್ರೆ ಬಾಯಲ್ಲೇ ಹೇಳ್ತೀನಿ." ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ದೊಡ್ಡವರು ಹೇಳಿದ್ದು, "ವಿಆರ್‌ಎಸ್ ತಗೊಂಡು ಮನೇಲಿ ಆರಾಮಾಗಿರಿ ಮೇಡಂ." ಹೇಳಿದವರಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ನನಗೆ ಪಾಠ ಮಾಡುವುದೇ ಆರಾಮ, ಸಂಬಳವೂ ಬೇಕು. ಆಗ ಓದಿದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, ಇದರಲ್ಲಿ 21 ಇವೆ. ದೀರ್ಘಕಾಲದ ನರರೋಗಗಳ ಸಾಲಿನಲ್ಲಿ ಪಾರ್ಕಿನ್ಸನ್ ಹೆಸರು ಹಿಡಿದೇ ಸೇರಿದೆ. 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಹುದ್ದೆ ನಿಭಾಯಿಸಲು ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಕೆಲಸಕ್ಕೆ ಬೇಕಾದ ಹೊಂದಾಣಿಕೆಯನ್ನೂ ಮಾಡಿಕೊಡಬೇಕು.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ವೈದ್ಯಕೀಯ ತಪಾಸಣೆಗೆ ಹೋದಾಗಲೂ ನನ್ನ ಪುಸ್ತಕ ಒಯ್ದೆ. ಮಾತ್ರೆ ತಾಗಿದ ಹೊತ್ತಿನಲ್ಲಿ ನೋಡಿದವರಿಗೆ ಈ ರೋಗ ಕಾಣುವುದೇ ಇಲ್ಲ. ದಿನದ ಉಳಿದ ಗಂಟೆಗಳನ್ನು ಕಾಗದವೇ ತೋರಿಸಬೇಕು.

ಮುಖ್ಯೋಪಾಧ್ಯಾಯರಿಗೆ ಬರೆದ ಅರ್ಜಿಯಲ್ಲಿ ಕಷ್ಟಗಳ ವರ್ಣನೆ ಹಾಕಲಿಲ್ಲ. ಬೇಕಾದದ್ದನ್ನಷ್ಟೇ ಬರೆದೆ: ಮೊದಲ ಪೀರಿಯಡ್ ಬೇಡ, ಬೆಳಿಗ್ಗೆ ಮೈ ಬಿಗಿದಿರುತ್ತದೆ, ಎರಡು, ಮೂರನೆಯದು ಕೊಡಿ, ಊಟದ ನಂತರ ಒಂದು, ತರಗತಿಗಳು ನೆಲಮಹಡಿಯಲ್ಲಿರಲಿ, ಪಾಠದ ನಡುವೆ ಮಾತ್ರೆ ತೆಗೆದುಕೊಳ್ಳಲು ಎರಡು ನಿಮಿಷ, ಚುನಾವಣಾ ಕೆಲಸದಿಂದ ವಿನಾಯಿತಿ. ಗಣಿತ ಮೊದಲ ಪೀರಿಯಡ್ಡಿಗೇ ಇರಬೇಕು ಅನ್ನುವ ಹಳೆಯ ಪದ್ಧತಿ ನಮ್ಮಲ್ಲೂ ಇತ್ತು. ಕನ್ನಡದ ಮೇಷ್ಟ್ರು, "ನನ್ನ ಮೂರನೆಯದು ನೀವು ತಗೊಳ್ಳಿ, ಬೆಳಿಗ್ಗೆ ಪದ್ಯ ಹಾಡಿಸೋಕೆ ನನಗೂ ಖುಷಿ" ಅಂದರು, ಅಲ್ಲಿಗೆ ಆ ಚರ್ಚೆ ಮುಗಿಯಿತು. ಶಾಲೆ ಶುರುವಾಗುವ ಮುಂಚೆ, ವೇಳಾಪಟ್ಟಿ ಇನ್ನೂ ಪೆನ್ಸಿಲ್‌ನಲ್ಲಿರುವಾಗಲೇ, ಆ ವರ್ಷದ ಮಾತ್ರೆಯ ಸಮಯಗಳನ್ನು ಬರೆದು ಅರ್ಜಿಯ ಜೊತೆ ಕೊಡುತ್ತೇನೆ. ಮಾತ್ರೆಯ ಸಮಯ ಬದಲಾದರೆ ಅರ್ಜಿಯೂ ಬದಲಾಗುತ್ತದೆ.